‘ಅತಿಥಿ’ ಹುಟ್ಟು ಹಾಕಬಹುದೇ?

ನಮಸ್ಕಾರ. ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ರೋಯಿಂಗ್ (ಹುಟ್ಟು ಹಾಕಿ ದೋಣಿ ಓಡಿಸುವ ಆಟ) ಅಭ್ಯಾಸ ಮಾಡುವ ನನ್ನ ಅಕ್ಕನ ಮಗಳು ಹೋದ ವಾರ ತುಮಕೂರಿಗೆ ಬಂದಿದ್ದಾಗ, ಬೇರೆ ಕ್ಲಬ್ಬುಗಳಿಂದ ಬಂದು ಒಂದೆರಡು ದಿನ ತಮ್ಮ ತಂಡದೊಡನೆ ದೋಣಿ ನಡೆಸುವವರನ್ನು ಬರಮಾಡಿಕೊಳ್ಳಲು ಕನ್ನಡದಲ್ಲೊಂದು ಪ್ರಕಟಣೆ ಬರೆದುಕೊಡುವಂತೆ ಕೇಳಿದಳು. ನಾನು ಯೋಚಿಸದೆ ‘ಅತಿಥಿ ಸ್ಪರ್ಧಿಗಳಿಗೆ ಆದರದ ಸ್ವಾಗತ’ ಎಂದು ಬರೆದೆ. ಅವಳು ಓದಿ, “ಇವರು ವೇದಿಕೆ ಮೇಲೆ ಕೂರೋಕೆ ಬರೋರಲ್ಲ ಮಾವ, ಹುಟ್ಟು ಹಾಕೋಕೆ ಬರೋರು” ಎಂದು ನಕ್ಕಳು.

ಅವಳ ಆಕ್ಷೇಪ ಸರಿಯಾದುದೇ. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂಬ ಸಾಂಪ್ರದಾಯಿಕ ವಿವರಣೆಯನ್ನು ಬದಿಗಿಟ್ಟರೂ, ಇಂದಿನ ಬಳಕೆಯಲ್ಲಿ ಆ ಪದ ಎರಡು ದಿಕ್ಕಿಗೆ ಎಳೆಯುತ್ತದೆ. ‘ಮುಖ್ಯ ಅತಿಥಿ’ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿಯೊಡನೆ ಕಾರು ಹತ್ತುತ್ತಾರೆ. ‘ಅತಿಥಿ ಉಪನ್ಯಾಸಕ’ರು ಪೂರಾ ಪಾಠ ಮಾಡಿಯೂ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂದು ಕಾಯುತ್ತಾರೆ. ಒಂದರಲ್ಲಿ ಕೆಲಸವಿಲ್ಲದ ಗೌರವ, ಇನ್ನೊಂದರಲ್ಲಿ ಭದ್ರತೆಯಿಲ್ಲದ ಕೆಲಸ. ‘ಅಭ್ಯಾಗತ’ ಪುರಾಣದ ಮಾತಾಯಿತು, ‘ಆಹ್ವಾನಿತ’ ಸಭಾ ನಡಾವಳಿಯ ಮಾತಾಯಿತು, ‘ನೆಂಟ’ರನ್ನು ದುಡಿಸುವುದಂತೂ ನಮ್ಮಲ್ಲಿ ಮರ್ಯಾದೆಯಲ್ಲ.

ಈ ಆಟದಲ್ಲಿ ಹೊರಗಿನಿಂದ ಬಂದವರ ಪಾಡೇನೆಂದು ಅವಳಿಂದಲೇ ಕೇಳಿ ತಿಳಿದೆ. ಎಂಟು ಜನರ ದೋಣಿ ಸುಮಾರು 18 ಮೀಟರ್ ಉದ್ದವಿದ್ದು, ಒಬ್ಬೊಬ್ಬರಿಗೂ ಒಂದೊಂದೇ ಹುಟ್ಟು. ಎಂಟೂ ಜನ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದರಿಂದ, ಮುಂದಿನ ನೀರನ್ನು ನೋಡುವ ಕೆಲಸ ಚುಕ್ಕಾಣಿ ಹಿಡಿದ ಒಂಬತ್ತನೆಯವರದು. ನಡುವೆ ಕೂತ ಹೊಸಬರಿಗೆ ಎದುರಿಗಿರುವವರ ಬೆನ್ನೇ ದಾರಿದೀಪ: ಆ ಬೆನ್ನು ಬಾಗಿದಾಗ ತಾವೂ ಬಾಗಬೇಕು, ಆ ಹುಟ್ಟು ನೀರಿಗಿಳಿದಾಗ ತಮ್ಮದೂ ಇಳಿಯಬೇಕು. ಅರೆಕ್ಷಣ ತಪ್ಪಿದರೂ ದೋಣಿ ವಾಲಿ, ಉಳಿದ ಏಳು ಜನರ ಲಯ ಕೆಡುತ್ತದೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ‘ಮುಯ್ಯಾಳು’. ನಮ್ಮ ಶಿರಾ, ಮಧುಗಿರಿ ಸೀಮೆಯಲ್ಲಿ ರಾಗಿ ಕೊಯ್ಲಿಗೋ ಕಡಲೆಕಾಯಿ ಕೀಳುವುದಕ್ಕೋ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ, ತಮ್ಮ ಹೊಲದ ದಿನ ಅವರನ್ನು ಕರೆಸಿಕೊಳ್ಳುವ ಪದ್ಧತಿಯ ಮಾತು ಅದು. ಮುಯ್ಯಾಳಿಗೆ ಬದುವಿನ ಮೇಲೆ ಕುರ್ಚಿ ಹಾಕುವುದಿಲ್ಲ. ಕುಡುಗೋಲು ಕೊಟ್ಟು ಮನೆಯವರ ಸಾಲಿನಲ್ಲೇ ನಿಲ್ಲಿಸುತ್ತಾರೆ, ಹೊತ್ತಿಗೆ ಸರಿಯಾಗಿ ಮುದ್ದೆ ಸಾರನ್ನೂ ಇಕ್ಕುತ್ತಾರೆ. ಇಂದು ನಿಮ್ಮ ಕೆರೆಯಲ್ಲಿ ನಾವು, ನಾಳೆ ನಮ್ಮ ಕೆರೆಯಲ್ಲಿ ನೀವು ಎಂಬ ಕ್ಲಬ್ಬುಗಳ ನಡುವಿನ ಒಪ್ಪಂದಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಹೊಳೆದಿಲ್ಲ. ಆದರೆ ಒಮ್ಮೆ ಬಂದು ಹೋಗುವವರ ತಲೆಯ ಮೇಲೆ ತೀರಿಸಬೇಕಾದ ಋಣವನ್ನು ಹೊರಿಸಿದಂತಾಗುತ್ತದೆಯೇ ಎಂಬ ಅಳುಕಿದೆ. ‘ಆಳು’ ಎಂದರೆ ಪೇಟೆಯ ಕಿವಿಗೆ ಕೂಲಿಯಾಳಷ್ಟೇ ಕೇಳಿಸೀತು, ‘ಕಟ್ಟಾಳು’ವಿನ ಆಳು ಕೇಳಿಸದು.

ಇನ್ನೊಂದು ತೊಡಕು ರೋಯಿಂಗ್ ಮಾಡುವವರ ಹೆಸರಿನದು. 1858ರ ಕಲ್ಕತ್ತ ರೋಯಿಂಗ್ ಕ್ಲಬ್, 1867ರ ಮದ್ರಾಸ್ ಬೋಟ್ ಕ್ಲಬ್‌ಗಳ ಕಾಲದಿಂದ ಇಂಗ್ಲಿಷಿನಲ್ಲೇ ಬೆಳೆದ ಆಟವಿದು. ‘ಅಂಬಿಗ’ ಜನರನ್ನು ದಡ ದಾಟಿಸುವವನು, ಇಲ್ಲಿ ಯಾರೂ ಯಾರನ್ನೂ ದಾಟಿಸುವುದಿಲ್ಲ; ‘ಹುಟ್ಟುಗಾರ’ ಎಂದರೆ ಜನ್ಮದ ಹುಟ್ಟು ಅಡ್ಡ ಬರುತ್ತದೆ. ಸದ್ಯಕ್ಕೆ ‘ಹೊರ ಕ್ಲಬ್ಬುಗಳ ಜೊತೆಗಾರರೇ, ಬನ್ನಿ, ನಮ್ಮೊಡನೆ ಹುಟ್ಟು ಹಾಕಿ’ ಎಂದು ತಿದ್ದಿ ಕಳಿಸಿದ್ದೇನೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮುಯ್ಯಾಳಿಗೆ, ಋಣದ ವಾಸನೆಯಿಲ್ಲದ ಬೇರೆ ಹೆಸರೇನಾದರೂ ಬಳಕೆಯಲ್ಲಿದೆಯೇ? ಹೊಲದ ಆಚೆಗೆ, ಭಜನೆಗೋ ನಾಟಕಕ್ಕೋ ಪಕ್ಕದೂರಿನಿಂದ ಬಂದು ಸೇರಿಕೊಳ್ಳುವವರನ್ನು ಅಲ್ಲಿ ಏನೆಂದು ಕರೆಯುತ್ತಾರೆ?