ಬೆಲ್ಲದ ವೆಬ್‌ಸೈಟಿಗೆ ಡೊಮೇನ್: ಹೆಸರಿನಲ್ಲಿ ಮೈಸೂರು ಇರಬೇಕಾ, ಮಂಡ್ಯನಾ? ಅನುಭವ ಇರುವವರು ಹೇಳಿ

ಪಾಂಡವಪುರದ ಬೆಲ್ಲ

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ. ಮಾವನವರ ಕಾಲದಿಂದ ಅಚ್ಚು ಬೆಲ್ಲ ಮಾಡಿ ಮಂಡ್ಯ ಮಾರ್ಕೆಟ್ಟಿಗೆ ಹಾಕುತ್ತಿದ್ದೆವು. ಎರಡು ವರ್ಷದಿಂದ ನಾನೂ ಯಜಮಾನರೂ ಪುಡಿ ಬೆಲ್ಲ, ಜೋನಿ ಬೆಲ್ಲ ಪ್ಯಾಕ್ ಮಾಡಿ ಮೈಸೂರಿನಲ್ಲಿ ಮನೆ ಮನೆಗೆ ಕೊಡುತ್ತಿದ್ದೇವೆ. ಈಗ ವೆಬ್‌ಸೈಟ್ ಮಾಡಿಸೋಣ ಅಂತ. ಗಿರಾಕಿಗಳು ಮೈಸೂರಿನವರು, ಬೆಲ್ಲ ಮಂಡ್ಯದ್ದು. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರಿನಲ್ಲಿ ಯಾವ ಊರು ಹಾಕಲಿ? ಡಾಟ್ ಕಾಮ್ ಸಿಗದಿದ್ದರೆ ಡಾಟ್ ಇನ್ ಸಾಕಾ? ಸೈಟ್ ಮಾಡುವ ಹುಡುಗ "ಡೊಮೇನ್ ನಾನೇ ತಗೊಂಡು ಕೊಡ್ತೀನಿ, ಅದು ಫ್ರೀ" ಅನ್ನುತ್ತಿದ್ದಾನೆ. ಒಪ್ಪಬಹುದಾ?

ಶಿವರಾಂಪೇಟೆ ಪ್ರೆಸ್

ಫ್ರೀ ಅನ್ನುವುದನ್ನು ಓದಿದ ಕೂಡಲೇ ಹೊಟ್ಟೆ ಉರಿಯಿತು ಮೇಡಂ.

2017ರಲ್ಲಿ ನನಗೂ ಒಬ್ಬ ಹುಡುಗ ಹೀಗೇ ಫ್ರೀ ಡೊಮೇನ್ ಕೊಟ್ಟ. ಒಳ್ಳೆಯ ಹುಡುಗನೇ. ಲಗ್ನಪತ್ರಿಕೆಯ ಆರ್ಡರ್ ಎಲ್ಲಾ ಆ ಹೆಸರಿನ ಮೇಲ್‌ಗೇ ಬರುತ್ತಿತ್ತು. ನಾಲ್ಕು ವರ್ಷ ಏನೂ ತೊಂದರೆ ಇಲ್ಲ. 2021ರ ಮೇ ತಿಂಗಳು, ಲಾಕ್‌ಡೌನ್. ಮೇಲ್ ಬರುವುದು ನಿಂತಿತು. ಮದುವೆಗಳೇ ಇಲ್ಲ, ಆರ್ಡರ್ ಎಲ್ಲಿಂದ ಬರಬೇಕು ಅಂದುಕೊಂಡು ಸುಮ್ನೆ ಕೂತೆ. ಐದು ವಾರ ಹೀಗೇ ಹೋಯಿತು. ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ "ಪ್ರೆಸ್ ಮುಚ್ಚಿಬಿಟ್ರಾ ಸಾರ್, ಕಳಿಸಿದ ಮೇಲ್ ವಾಪಸ್ ಬರ್ತಿದೆ" ಅಂದ ಮೇಲೆ ಗೊತ್ತಾಯಿತು, ಡೊಮೇನ್ ಅವಧಿ ಮುಗಿದಿದೆ ಅಂತ.

ಮುಗಿಯುವ ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಇನ್ನೊಂದು ನೋಟಿಸ್ ಬರುತ್ತದೆ. ಬಂದಿದ್ದು ಹುಡುಗನ ಮೇಲ್‌ಗೆ. ಅವನು ಊರು ಬಿಟ್ಟು, ನಂಬರ್ ಬದಲಾಯಿಸಿ ಆಗಿತ್ತು. ಡೊಮೇನ್ ಮಾರುವ ಕಂಪನಿಗೆ ಫೋನ್ ಮಾಡಿದೆ. "ರಿಡೆಂಪ್ಷನ್‌ನಲ್ಲಿದೆ, ಬಿಡಿಸಿಕೊಳ್ಳೋಕೆ 30 ದಿನ ಇದೆ, ದಂಡ ಏಳು ಸಾವಿರದ ಮೇಲೆ" ಅಂದರು. ಕಟ್ಟುತ್ತೇನೆ ಅಂದೆ. "ಅಕೌಂಟ್ ಯಾರದೋ ಅವರೇ ಕಟ್ಟಬೇಕು" ಅಂದರು. ಜಿಎಸ್‌ಟಿ ಸರ್ಟಿಫಿಕೇಟ್ ಕಳಿಸಿದೆ. ಬೋರ್ಡಿನ ಫೋಟೋ ಕಳಿಸಿದೆ. ನಮ್ಮ ತಂದೆ ಟ್ರೆಡಲ್ ಮೆಷಿನ್ ಪಕ್ಕ ನಿಂತಿರುವ ಕಪ್ಪು ಬಿಳುಪು ಫೋಟೋನೂ ಕಳಿಸಿದೆ. ಊಹೂಂ. 30 ದಿನ ಮುಗಿಯಿತು. ಅಳಿಸುವುದಕ್ಕೆ ಇನ್ನೈದು ದಿನ ತಗೊಳ್ಳುತ್ತಾರೆ. ಆರನೇ ದಿನ ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಯಾರೋ ಎತ್ತಿಕೊಂಡಿದ್ದರು. ಈಗ ಅಲ್ಲಿ ರಮ್ಮಿ ಆಟದ ಜಾಹೀರಾತು. ವಾಪಸ್ ಬೇಕಾದರೆ 2,400 ಡಾಲರ್ ಅಂತೆ.

ಬೋರ್ಡ್ ಮತ್ತೆ ಬರೆಸಿದ್ದು 6,800. ನಲವತ್ತು ಆಟೋಗಳ ಹಿಂದೆ ಹಾಕಿದ್ದ ಫ್ಲೆಕ್ಸ್ ಬದಲಾಯಿಸಿದ್ದು ತಲಾ 250ರಂತೆ 10,000. ಬಿಲ್ ಬುಕ್, ಕವರ್ 7,350. ಪ್ರೆಸ್ ನನ್ನದೇ ಇರಬಹುದು, ಕಾಗದ ಪುಕ್ಕಟೆ ಬರುವುದಿಲ್ಲ. ಒಟ್ಟು 24,150. ಡೊಮೇನ್ ಬಾಡಿಗೆ ಎಷ್ಟಿತ್ತು ಗೊತ್ತಾ? ವರ್ಷಕ್ಕೆ 900.

ಒಂಟಿ ಸರ್ವರ್

ವೆಬ್‌ಸೈಟ್ ಮಾಡುವವರೆಲ್ಲ ಕಳ್ಳರು ಅನ್ನುವ ಹಾಗೆ ಬರೆಯಬೇಡಿ ಸಾರ್. ಹನ್ನೊಂದು ವರ್ಷದಿಂದ ಕುವೆಂಪುನಗರದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳ ಹೆಸರಿನಲ್ಲೇ ಅಕೌಂಟ್ ಮಾಡಿಸಿ ಅಂತ ಶುರುವಿನಲ್ಲಿ ನಾನೂ ಹೇಳುತ್ತಿದ್ದೆ. ಆಮೇಲೆ ಏನಾಗುತ್ತೆ ಗೊತ್ತಾ? "ಮೇಲ್ ಐಡಿ ನೀವೇ ಮಾಡಿಬಿಡಿ." ಮಾಡಿಕೊಟ್ಟರೆ ಪಾಸ್‌ವರ್ಡ್ ಮರೆತು ಹೋಯಿತು. ಡೊಮೇನ್ ತಗೊಂಡ ಮೇಲೆ 15 ದಿನದೊಳಗೆ ಮೇಲ್ ತೆರೆದು ಲಿಂಕ್ ಒತ್ತಿ ಖಾತ್ರಿ ಮಾಡಬೇಕು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಬ್ಬರು ಒತ್ತಲಿಲ್ಲ. ಹದಿನಾರನೇ ದಿನ ಸೈಟ್ ನಿಂತಿತು. ಅವತ್ತೇ ಅವರಿಗೆ ದೊಡ್ಡ ಆರ್ಡರಿನವರು ಸೈಟ್ ನೋಡುವವರಿದ್ದರಂತೆ. ಬೈಸಿಕೊಂಡವನು ನಾನು.

ರಿನ್ಯೂವಲ್ ದುಡ್ಡು ಕೇಳಿದರೆ "ಹೋದ ವರ್ಷ ಕೊಟ್ಟಿದ್ದೆನಲ್ಲ" ಅನ್ನುತ್ತಾರೆ. ಕಳೆದ ವರ್ಷ 14 ಜನರದ್ದು ಕೈಯಿಂದ ಕಟ್ಟಿದೆ. ತಲಾ 1,180. ಒಟ್ಟು 16,520. ವಾಪಸ್ ಬಂದದ್ದು ಒಂಬತ್ತು ಜನರಿಂದ. ನಿಮ್ಮ ಹುಡುಗನಿಗೆ ನೀವು ನಾಲ್ಕು ವರ್ಷ ರಿನ್ಯೂವಲ್ ಕೊಟ್ಟಿದ್ದಿರಾ? ಅದನ್ನು ಬರೆದೇ ಇಲ್ಲ.

ಶಿವರಾಂಪೇಟೆ ಪ್ರೆಸ್

ಫ್ರೀ ಅಂದವನಿಗೆ ಯಾಕೆ ಕೊಡಬೇಕು?

ಒಂಟಿ ಸರ್ವರ್

ಅದೇ. ಸಿಕ್ಕಿತು ನೋಡಿ ಉತ್ತರ.

ನೂರಡಿ ರಸ್ತೆ ಗಾಣ

ಅಕ್ಕ, ಈ ಇಬ್ಬರ ಜಗಳ ಬಿಡಿ. ಮೊದಲು ಸ್ಪೆಲಿಂಗ್ ನೋಡಿ.

ನಮ್ಮದು ಮಂಡ್ಯದಲ್ಲಿ ಮರದ ಗಾಣ. ಕಡಲೆಕಾಯಿ, ಕೊಬ್ಬರಿ, ಎಳ್ಳೆಣ್ಣೆ. ಗಾಣ ಅನ್ನುವ ಪದ ಹೆಸರಿನಲ್ಲಿ ಇರಲೇಬೇಕು ಅಂತ ಹಟ ಹಿಡಿದೆ. ಇಂಗ್ಲಿಷಿನಲ್ಲಿ ಬರೆದಾಗ ಗಾಣವೂ ಗಾನವೂ ಒಂದೇ ಆಗುತ್ತದೆ ಅಂತ ತಲೆಗೆ ಹೊಳೆಯಲೇ ಇಲ್ಲ. ಸೈಟ್ ಶುರುವಾದ ಮೂರನೇ ದಿನ ಮಳವಳ್ಳಿಯಿಂದ ಫೋನ್: "ಗಣಪತಿ ಕೂರಿಸ್ತಿದೀವಿ, ಆರ್ಕೆಸ್ಟ್ರಾಕ್ಕೆ ಎಷ್ಟು ತಗೋತೀರಾ?" ಇವತ್ತಿಗೂ ಪ್ರತಿ ಗಣೇಶನ ಹಬ್ಬಕ್ಕೆ ಐದಾರು ಫೋನ್ ಬರುತ್ತದೆ. ಹೋದ ವರ್ಷ ಒಬ್ಬರಿಗೆ ಎರಡು ಲೀಟರ್ ಕೊಬ್ಬರಿ ಎಣ್ಣೆ ಮಾರಿದೆ, ಅದು ಬೇರೆ ಮಾತು.

ಆಮೇಲೆ ಗೀಟಿನ ಕಾಟ. ಗೀಟಿಲ್ಲದ ಹೆಸರು ಸಿಗಲಿಲ್ಲ, ಎರಡು ಪದದ ನಡುವೆ ಹೈಫನ್ ಹಾಕಿ ತಗೊಂಡೆ. ಫೋನಿನಲ್ಲಿ ಹೇಳಿದಾಗ ಒಬ್ಬರೂ ಸರಿಯಾಗಿ ಬರೆದುಕೊಂಡಿಲ್ಲ. "ನಡುವೆ ಅಡ್ಡ ಗೀಟು" ಅಂದರೆ ಕೆಳಗೆ ಗೀಟು ಹಾಕುತ್ತಾರೆ. ಅಂಡರ್‌ಸ್ಕೋರ್ ಡೊಮೇನಿನಲ್ಲಿ ನಡೆಯುವುದೇ ಇಲ್ಲ. ಅಕ್ಷರ, ಅಂಕಿ, ಹೈಫನ್ ಅಷ್ಟೇ. ಒಂದೂವರೆ ವರ್ಷ ಆದ ಮೇಲೆ ಆ ಹೆಸರು ಬಿಟ್ಟೆ. ಆರು ಸಾವಿರ ಬಾಟಲ್ ಲೇಬಲ್ ಗುಜರಿಗೆ ಹೋಯಿತು. ಲೇಬಲ್‌ಗೆ 1 ರೂಪಾಯಿ 40 ಪೈಸೆ, ಲೆಕ್ಕ ಹಾಕಿಕೊಳ್ಳಿ.

ನಿಮ್ಮ ಆಲೆಮನೆಗೂ ಇದೇ ಗತಿ. ಎ ಒಂದಾ, ಎರಡಾ? ಒಂದೇ ಎ ಹಾಕಿದರೆ ಇಂಗ್ಲಿಷ್ ಓದುವ ಹುಡುಗರು ಏಲ್ ಅನ್ನುತ್ತಾರೆ. ಏಲ್ ಅಂದರೆ ಬಿಯರ್! ಹಾಕುವುದಾದರೆ ಎರಡೂ ತಗೊಳ್ಳಿ. ಮತ್ತೆ ಮಂಡ್ಯ ಅಂತಲೇ ಹಾಕಿ. ಕಬ್ಬು ಬೆಳೆಯುವವರು ನಾವು, ಹೆಸರು ಮೈಸೂರಿಗಾ?

ಅಗರಬತ್ತಿ ಮನೆ

ಮೈಸೂರಿನ ಹೆಸರಿಗೆ ಇರುವ ಬೆಲೆ ಮಂಡ್ಯದವರಿಗೆ ಹೇಳಿದರೆ ಕೋಪ ಬರುತ್ತೆ, ಆದರೂ ಹೇಳುತ್ತೇನೆ.

ನಾನು 2012ರಲ್ಲಿ ತಗೊಂಡೆ. ಆಗ ಊರಿನ ಸ್ಪೆಲಿಂಗ್ ಕೊನೆಯಲ್ಲಿ ಓ ಆರ್ ಇ. 2014ರ ನವೆಂಬರ್ 1ಕ್ಕೆ ಸರ್ಕಾರ ಯು ಆರ್ ಯು ಮಾಡಿತು. ನನಗೆ ಖುಷಿಯೇ. ನಾವು ಮನೆಯಲ್ಲಿ ಯಾವತ್ತೂ ಮೈಸೂರು ಅಂತಲೇ ಅಂದಿದ್ದು. ಆದರೆ ಮಗ ಬಂದು "ಅಪ್ಪಾ, ಹೊಸ ಸ್ಪೆಲಿಂಗ್ ಬೇರೆಯವರು ತಗೊಂಡರೆ?" ಅಂತ ತಲೆಗೆ ಹುಳ ಬಿಟ್ಟ. ಅದನ್ನೂ ತಗೊಂಡೆ. ಎರಡಕ್ಕೂ ಕಾಮ್, ಎರಡಕ್ಕೂ ಇನ್. ನಾಲ್ಕಾಯಿತು. ಮೂರನ್ನು ನಾಲ್ಕನೆಯದಕ್ಕೆ ತಿರುಗಿಸಿಟ್ಟಿದ್ದೇನೆ. ವರ್ಷಕ್ಕೆ ನಾಲ್ಕು ಸಾವಿರದ ಚಿಲ್ಲರೆ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮಲೇಷ್ಯಾ, ದುಬೈ ಗಿರಾಕಿಗಳು ಇವತ್ತಿಗೂ ಹಳೇ ಸ್ಪೆಲಿಂಗೇ ಟೈಪ್ ಮಾಡುತ್ತಾರೆ. ಹೊಸ ಸ್ಪೆಲಿಂಗಿನಿಂದ ಬಂದವರು ಹತ್ತು ಜನ ಇರಬಹುದು, ಅದರಲ್ಲಿ ಇಬ್ಬರು ನನ್ನ ತಂಗಿಯ ಮಕ್ಕಳು.

ಇನ್ನೊಂದು. ಡೊಮೇನ್ ತಗೊಂಡರೆ ಹೆಸರು ನಮ್ಮದಾಯಿತು ಅಂದುಕೊಂಡು ನಾಲ್ಕು ವರ್ಷ ಇದ್ದೆ. ಅಲ್ಲ. ಟ್ರೇಡ್‌ಮಾರ್ಕ್ ಬೇರೆಯೇ ಮಾಡಿಸಬೇಕು. ಸಣ್ಣವರಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500, ವಕೀಲರ ಫೀಸು ಬೇರೆ. ಮೈಸೂರು ಅಗರಬತ್ತಿ, ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ವೀಳ್ಯದೆಲೆ, ಇವಕ್ಕೆಲ್ಲ ಜಿಐ ಟ್ಯಾಗ್ ಬೇರೆ ಇದೆ, ಅಂದರೆ ಆ ಊರಿನ ವಸ್ತುವಿಗೇ ಸಲ್ಲುವ ಗುರುತು. ಊರಿನ ಹೆಸರು ಸುಮ್ನೆ ಅಂಟಿಸಿಕೊಳ್ಳುವ ಮುಂಚೆ ನೋಡಬೇಕು.

ನೂರಡಿ ರಸ್ತೆಯವರಿಗೆ: 1939ರವರೆಗೂ ಮಂಡ್ಯ ಮೈಸೂರು ಜಿಲ್ಲೆಯಲ್ಲೇ ಇತ್ತು ಸ್ವಾಮಿ.

ನೂರಡಿ ರಸ್ತೆ ಗಾಣ

ಇತ್ತು, ಬಿಟ್ಟು ಬಂದೆವು. ನಿಮ್ಮ ನಲ್ಲಿಯಲ್ಲಿ ಬರುವ ಕಾವೇರಿ ನೀರು ಯಾವ ಜಿಲ್ಲೆಯಲ್ಲಿ ನಿಂತಿರುತ್ತೆ? ಕೆಆರ್‌ಎಸ್ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಅದನ್ನೂ ನಿಮ್ಮ ಡೊಮೇನಿಗೆ ಸೇರಿಸಿಕೊಳ್ಳಿ.

ಹೋಂಸ್ಟೇ ಗಂಜಾಂ

ನಗಬೇಡಿ ಅಂತ ಮೊದಲೇ ಕೇಳಿಕೊಂಡು ಬರೆಯುತ್ತೇನೆ.

ಡಾಟ್ ಕಾಮ್ ಸಿಗಲಿಲ್ಲ. ಡಾಟ್ ಕೋ ಮೊದಲ ವರ್ಷ 99 ರೂಪಾಯಿ ಅಂತ ತೋರಿಸಿತು. ಒತ್ತಿದೆ. ಕಾರ್ಟಿನಲ್ಲಿ ಮೇಲ್, ಸೆಕ್ಯೂರಿಟಿ, ಬ್ಯಾಕಪ್, ಇನ್ನೂ ಏನೇನೋ ಅವೇ ಟಿಕ್ ಆಗಿ ಕೂತಿದ್ದವು. ಕಟ್ಟಿದ್ದು 3,412. ಮುಂದಿನ ವರ್ಷ ಬರೀ ಡೊಮೇನಿಗೇ 2,899. ಕೋ ಅಂದರೆ ಕಂಪನಿ ಅಂದುಕೊಂಡಿದ್ದೆ. ಅದು ಕೊಲಂಬಿಯಾ ದೇಶದ್ದಂತೆ! ಗೆಸ್ಟ್‌ಗಳು ಕೊನೆಗೊಂದು ಎಂ ತಾವೇ ಸೇರಿಸಿಕೊಂಡು ಕೇರಳದ ಯಾವುದೋ ಹೋಂಸ್ಟೇಗೆ ಹೋಗುತ್ತಿದ್ದರು. ದಸರಾ ಸಮಯದಲ್ಲಿ ನಾಲ್ಕು ರೂಮು ಖಾಲಿ ಉಳಿದವು. ದಸರಾದಲ್ಲಿ!

ಅಷ್ಟರಲ್ಲಿ ಚೀನಾದಿಂದ ಮೇಲ್ ಬಂತು. "ನಿಮ್ಮ ಹೆಸರನ್ನು ಇಲ್ಲಿನ ಕಂಪನಿಯೊಂದು ರಿಜಿಸ್ಟರ್ ಮಾಡಲು ಬಂದಿದೆ, ನೀವು ತಗೊಳ್ಳದಿದ್ದರೆ ಅವರಿಗೆ ಕೊಡುತ್ತೇವೆ." ಹೆದರಿ 11,000 ಕಟ್ಟಿ ಚೀನಾದ ಮೂರು ಡೊಮೇನ್ ತಗೊಂಡೆ. ಚೀನಾದಿಂದ ಒಬ್ಬ ಗೆಸ್ಟೂ ಬರಲಿಲ್ಲ.

ಒಂಟಿ ಸರ್ವರ್

ಹಹ್ಹಹ್ಹಾ. ಹದಿನೈದು ವರ್ಷಕ್ಕೂ ಹಳೇ ಮೋಸ ಸಾರ್ ಅದು. ಗೂಗಲ್ ಮಾಡಿದ್ದರೆ ಎರಡು ನಿಮಿಷ.

ಹೋಂಸ್ಟೇ ಗಂಜಾಂ

ನಗಬೇಡಿ ಅಂತ ಹೇಳಿದ್ದೆ. ನಿಮ್ಮಂಥವರು ಹೀಗೆ ನಗುತ್ತೀರಿ ಅಂತಲೇ ಅವತ್ತು ಯಾರನ್ನೂ ಕೇಳಲಿಲ್ಲ.

ಹಪ್ಪಳ ಸಂಡಿಗೆ ಸರಸ್ವತಿಪುರಂ

ನಾನು ಕನ್ನಡದಲ್ಲೇ ತಗೊಂಡಿದ್ದೇನೆ. ಹೆಸರೂ ಕನ್ನಡ, ಡಾಟ್ ಆದ ಮೇಲೆ ಭಾರತ ಅನ್ನುವುದೂ ಕನ್ನಡ ಲಿಪಿ. ಎ ಒಂದಾ ಎರಡಾ ಅನ್ನುವ ತಲೆನೋವೇ ಇಲ್ಲ. ಹಪ್ಪಳ ಅಂದರೆ ಹಪ್ಪಳ. ಗಾಣದವರು ಹೀಗೆ ಮಾಡಿದ್ದರೆ ಆರ್ಕೆಸ್ಟ್ರಾ ತಪ್ಪುತ್ತಿತ್ತು.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಬ್ರೌಸರಿನಿಂದ ಕಾಪಿ ಮಾಡಿದರೆ ಎಕ್ಸ್ ಎನ್, ಎರಡು ಗೀಟು, ಆಮೇಲೆ ಬಾಯಿಗೆ ಬಾರದ ಅಕ್ಷರಗಳ ಸಾಲು. ನಮ್ಮ ನಾದಿನಿಗೆ ಕಳಿಸಿದಾಗ "ವೈರಸ್ ಕಳಿಸಿದ್ದೀಯಾ?" ಅಂದಳು. ಆ ಹೆಸರಿನ ಮೇಲ್ ಐಡಿಯನ್ನು ಎಷ್ಟೋ ಫಾರಂಗಳು ತಪ್ಪು ಅಂತ ತಳ್ಳುತ್ತವೆ. ಅದಕ್ಕೆ ಮೇಲ್‌ಗೆ ಅಂತಲೇ ಇನ್ನೊಂದು ಡಾಟ್ ಇನ್ ಇಟ್ಟುಕೊಂಡೆ. ಆದರೂ ಡಬ್ಬಿಯ ಮೇಲೆ ಪೂರ್ತಿ ಕನ್ನಡದ ವಿಳಾಸ ನೋಡಿದರೆ ಹೊಟ್ಟೆ ತುಂಬುತ್ತದೆ.

ಒಂಟಿ ಸರ್ವರ್

ಎರಡು ಡೊಮೇನಿನ ದುಡ್ಡು ಕೊಟ್ಟು ಶೋಕಿ. ನಿಮ್ಮ ಗಿರಾಕಿಗಳಲ್ಲಿ ಕನ್ನಡ ಕೀಬೋರ್ಡ್ ಎಷ್ಟು ಜನರ ಹತ್ತಿರ ಇದೆ?

ಹಪ್ಪಳ ಸಂಡಿಗೆ ಸರಸ್ವತಿಪುರಂ

ನೀನು ಈ ಪ್ರಶ್ನೆ ಬರೆದದ್ದು ಯಾವ ಕೀಬೋರ್ಡಿನಲ್ಲಪ್ಪಾ?

ಶಿವರಾಂಪೇಟೆ ಪ್ರೆಸ್

ಭಲೇ ಅಮ್ಮ.

ಒಂಟಿ ಸರ್ವರ್

ಆಯಿತು, ಸೋತೆ. ಬೆಲ್ಲದ ಮೇಡಂಗೆ ಮಾತ್ರ ಹೇಳಿ ಹೋಗುತ್ತೇನೆ. ಅಕೌಂಟ್ ನಿಮ್ಮದೇ ಜಿಮೇಲ್‌ನಲ್ಲಿ ಇರಲಿ. ಹೊಸ ಡೊಮೇನಿನ ಮೇಲ್ ಐಡಿಯನ್ನೇ ಅದಕ್ಕೂ ಕೊಡಬೇಡಿ. ಡೊಮೇನ್ ನಿಂತರೆ ಆ ಮೇಲೂ ನಿಲ್ಲುತ್ತದೆ, ನೋಟಿಸ್ ಎಲ್ಲಿಗೆ ಬರಬೇಕು? ಹುಡುಗನಿಗೆ ನೇಮ್‌ಸರ್ವರ್, ಅಂದರೆ ಡೊಮೇನನ್ನು ಸೈಟಿಗೆ ಜೋಡಿಸುವ ಸೆಟ್ಟಿಂಗ್, ಬದಲಾಯಿಸಲು ಏನು ಬೇಕೋ ಅಷ್ಟು ಕೊಡಿ. ಆಟೋ ರಿನ್ಯೂವಲ್ ಹಾಕಿದ್ದೇನೆ ಅಂತ ನಿದ್ದೆ ಮಾಡಬೇಡಿ. 2021ರ ಅಕ್ಟೋಬರ್‌ನಲ್ಲಿ ಕಾರ್ಡಿನಿಂದ ತಾನಾಗೇ ದುಡ್ಡು ಕಟ್ ಆಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ನನ್ನ ಸ್ವಂತ ಡೊಮೇನೇ ಕಾರ್ಡ್ ಪಾಸ್ ಆಗದೆ ಬಿದ್ದುಹೋಯಿತು. ಹೌದು, ನನ್ನದೇ. ಪ್ರೆಸ್ಸಿನವರು ಈಗ ನಗಬಹುದು.

ಶಿವರಾಂಪೇಟೆ ಪ್ರೆಸ್

ನಗಲ್ಲ. ಎಷ್ಟು ದಂಡ ಬಿತ್ತು?

ಒಂಟಿ ಸರ್ವರ್

6,900.

ಶಿವರಾಂಪೇಟೆ ಪ್ರೆಸ್

ಈಗ ನಗುತ್ತಿದ್ದೇನೆ.

ಅಗರಬತ್ತಿ ಮನೆ

ಹೆಸರಿನ ಮಾತು ಇರಲಿ, ಈಗಿನ ಮಂಡ್ಯ ಬೆಲ್ಲ ಹಳದಿಗೆ ಹೊಳೆಯುತ್ತೆ. ಹೈಡ್ರೋಸ್ ಕೆಮಿಕಲ್ ಹಾಕದೆ ಆ ಬಣ್ಣ ಬರುತ್ತಾ? ಮೊದಲು ಅದಕ್ಕೆ ಉತ್ತರ ಕೊಡಿ, ಆಮೇಲೆ ಡೊಮೇನ್.

ನೂರಡಿ ರಸ್ತೆ ಗಾಣ

ನಿಮ್ಮ ಊದುಬತ್ತಿಯ ಗಂಧ ಮರದಿಂದ ಬರುತ್ತಾ, ಸೆಂಟಿನ ಬಾಟಲಿಯಿಂದಾ? ಮೊದಲು ಅದಕ್ಕೆ ಉತ್ತರ ಕೊಡಿ.

ಪಾಂಡವಪುರದ ಬೆಲ್ಲ

ಕೊಪ್ಪರಿಗೆ ಇಳಿಸಿ ಬರುವಷ್ಟರಲ್ಲಿ ಇಷ್ಟೊಂದು ಮಾತಾ!

ಹೈಡ್ರೋಸ್ ವಿಷಯ ಕೇಳಿದವರಿಗೆ: ನಮ್ಮದು ಕಪ್ಪು ಬೆಲ್ಲ. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ, ಅಷ್ಟೇ. ಬಣ್ಣ ಕಮ್ಮಿ ಅಂತ ಮಾರ್ಕೆಟ್ಟಿನಲ್ಲಿ ಕ್ವಿಂಟಾಲಿಗೆ ಇನ್ನೂರು ಮುನ್ನೂರು ಮುರಿದುಕೊಳ್ಳುತ್ತಿದ್ದರು. ಅದಕ್ಕೇ ಪ್ಯಾಕ್ ಮಾಡಿ ನಾವೇ ಮಾರುವುದಕ್ಕೆ ಇಳಿದದ್ದು. ಬೇಕಾದರೆ ಬನ್ನಿ, ಒಲೆ ಮುಂದೆ ನಿಂತು ನೋಡಿ. ಹಾಲು ಕುಡಿಸಿ ಕಳಿಸುತ್ತೇವೆ, ಕಬ್ಬಿನ ಹಾಲು.

ಡೊಮೇನ್ ನಿನ್ನೆ ರಾತ್ರಿ ತಗೊಂಡೆ. ನನ್ನ ಜಿಮೇಲ್, ನನ್ನ ಕಾರ್ಡು. ಹುಡುಗ ಮುಖ ಸಣ್ಣ ಮಾಡಿಕೊಂಡ. ಮೈಸೂರೂ ಹಾಕಲಿಲ್ಲ, ಮಂಡ್ಯವೂ ಹಾಕಲಿಲ್ಲ. ಆಲೆಮನೆಯೂ ಬೇಡ ಅನ್ನಿಸಿತು. ಅತ್ತೆಯವರನ್ನು ಕೇಳಿದೆ. "ನಮ್ಮ ಹೊಲಕ್ಕೆ ಏನಂತ ಕರೀತೀವೋ ಅದನ್ನೇ ಇಡು" ಅಂದರು. ಹೊಲದ ಹೆಸರು ಇಂಗ್ಲಿಷಿನಲ್ಲಿ ಏಳೇ ಅಕ್ಷರ, ಕಾಮ್ ಕೂಡ ಖಾಲಿ ಇತ್ತು. ಮೂರು ವರ್ಷಕ್ಕೆ ಕಟ್ಟಿದ್ದೇನೆ. ಹೆಸರು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಸ್ಪೆಲಿಂಗ್ ಇವತ್ತು ರಾತ್ರಿ ತಗೊಳ್ಳಬೇಕು.

ಹಪ್ಪಳ ಸಂಡಿಗೆ ಸರಸ್ವತಿಪುರಂ

ಕನ್ನಡದ್ದೂ ಒಂದು ತಗೊಂಡುಬಿಡಮ್ಮ.

ಹೋಂಸ್ಟೇ ಗಂಜಾಂ

ಚೀನಾದಿಂದ ಮೇಲ್ ಬಂದರೆ ನನಗೊಂದು ಫೋನ್ ಮಾಡಿ ಮೇಡಂ. ಅಂದ ಹಾಗೆ ಪುಡಿ ಬೆಲ್ಲ ಕೆಜಿಗೆ ಎಷ್ಟು? ಗಂಜಾಂಗೆ ತಂದುಕೊಡುತ್ತೀರಾ, ನಾವೇ ಬರಬೇಕಾ?