ಸುಮಾ, ಬಿಟ್ಟು ಹೋಗೋ ಷರತ್ತು ಓದಿದ್ಯಾ?

ಸುಮಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ಟೈಪ್ ಮಾಡೋದು ನನ್ನ ಕೈಲಾಗಲ್ಲ, ಮಾತಾಡೇ ಕಳಿಸ್ತೀನಿ. ಉದ್ದ ಆಗುತ್ತೆ, ಅಡುಗೆ ಮಾಡ್ಕೊಂಡೇ ಕೇಳ್ಕೋ. ಮ್ಯಾಂಚೆಸ್ಟರ್ ಸಿಟಿಯವರೇ ಮುಂಬೈ ಫುಟ್‌ಬಾಲ್ ತಂಡ ಬಿಟ್ಟು ಹೋದ್ರಂತೆ, ಅಂಥದ್ರಲ್ಲಿ ನಮ್ಮ ಪ್ರಣವನ್ನ ಆ ಸ್ಪೇನ್ ಕ್ಲಬ್ಬಿನ ಹೆಸರಿರೋ ಅಕಾಡೆಮಿಗೆ ಸೇರಿಸೋದಾ ಬೇಡ್ವಾ, ವರ್ಷದ ಫೀಸು 2 ಲಕ್ಷ 40 ಸಾವಿರ ಕೇಳ್ತಿದಾರೆ, ಅಂತ ತಾನೆ ನೀನು ಕೇಳಿದ್ದು? ಅದರ ಕೆಳಗೆ ಕಿರಣ, ನವೀನ ಇಬ್ರೂ ನಲವತ್ತು ಮೆಸೇಜು ಹಾಕ್ಕೊಂಡು ಕೂತಿದಾರೆ. ದೇಶದ ತಂಡಕ್ಕೆ ವಿದೇಶಿ ಕೋಚೇ ಬೇಕು ಅಂತ ಒಬ್ಬ, ಕ್ಲಬ್ಬುಗಳನ್ನೆಲ್ಲ ವಿದೇಶದವರಿಗೇ ಮಾರಿಬಿಡಿ ಅಂತ ಇನ್ನೊಬ್ಬ. ನಿನ್ನ ಪ್ರಶ್ನೆಗೆ ಉತ್ತರ ಮಾತ್ರ ಒಬ್ರೂ ಕೊಟ್ಟಿಲ್ಲ.

ಮೊದಲು ಮುಂಬೈ ವಿಷಯ. 2019ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರಾದ ಸಿಟಿ ಫುಟ್‌ಬಾಲ್ ಗ್ರೂಪಿನವರು ಆ ಕ್ಲಬ್ಬಿನ 65 ಪರ್ಸೆಂಟ್ ಪಾಲು ತಗೊಂಡ್ರು. ಸುಮ್ನೆ ಬೋರ್ಡ್ ಹಾಕ್ಕೊಂಡು ಕೂರ್ಲಿಲ್ಲ ಅವರು. 2020-21ರಲ್ಲಿ ದೇಶದ ದೊಡ್ಡ ಲೀಗ್ ಐಎಸ್ಎಲ್‌ನ ಶೀಲ್ಡೂ ಕಪ್ಪೂ ಎರಡೂ ಬಂತು, 2023-24ರಲ್ಲಿ ಇನ್ನೊಂದು ಕಪ್ಪು. ಆದ್ರೂ 2025ರ ಡಿಸೆಂಬರ್ ಕೊನೇಲಿ ಪಾಲು ಬಿಟ್ಕೊಟ್ಟು ಹೋದ್ರು. ಯಾಕೆ ಅಂದ್ರೆ, ದೇಶದ ಫುಟ್‌ಬಾಲ್ ಫೆಡರೇಶನ್ನು 2010ರಲ್ಲಿ 15 ವರ್ಷಕ್ಕೆ ಮಾರಿದ್ದ ವಾಣಿಜ್ಯ ಹಕ್ಕು ಆ ಡಿಸೆಂಬರಿಗೇ ಮುಗೀತು. ಹೊಸದಾಗಿ ಟೆಂಡರ್ ಕರೆದ್ರೆ ಒಂದೇ ಒಂದು ಬಿಡ್ ಬರ್ಲಿಲ್ಲ. ಲೀಗ್ ಯಾವಾಗ ಶುರು, ಟಿವಿ ದುಡ್ಡು ಯಾರ ಹತ್ರ, ಆಗ ಯಾರಿಗೂ ಗೊತ್ತಿರ್ಲಿಲ್ಲ. ಅದಕ್ಕೂ ಮುಂಚೆ ಆಗಸ್ಟಿನಲ್ಲೇ ನಮ್ಮ ಬೆಂಗಳೂರು ಎಫ್‌ಸಿಯವರು ಮೊದಲ ತಂಡದ ಸಂಬಳ ತಡೆಹಿಡಿದಿದ್ದು ನೆನಪಿದೆ ತಾನೆ? ಕ್ಲಬ್ಬಿಗೆ ಸ್ವಂತ ಸ್ಟೇಡಿಯಂ ಇಲ್ಲ, ಕಂಠೀರವ ಇರೋದು ರಾಜ್ಯ ಸರ್ಕಾರದ್ದು. ಪಂದ್ಯದ ದಿನದ ಆದಾಯ ಅಷ್ಟಕ್ಕಷ್ಟೆ, ಆಟಗಾರರನ್ನ ಮಾರಿ ಬರೋ ದುಡ್ಡೂ ಅಷ್ಟಕ್ಕಷ್ಟೆ. ಹಾಗಿರೋವಾಗ ಹೊರಗಿನ ಮಾಲೀಕ ಯಾವ ಲೆಕ್ಕ ಹಿಡ್ಕೊಂಡು ಕೂರ್ತಾನೆ? ಅವರಿಗೆ ಬಿಟ್ಟು ಹೋಗೋ ದಾರಿ ಇತ್ತು, ಹೋದ್ರು. ಅದರಲ್ಲಿ ತಪ್ಪೂ ಇಲ್ಲ. ನನ್ನ ಚಿಂತೆ ಇರೋದು ಪ್ರಣವನ ಕಾಗದದಲ್ಲಿ ಆ ದಾರಿ ಬರೆದಿದೆಯಾ ಅಂತ.

ಆ ಮೈದಾನದ ಕ್ಲಬ್ಬಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಸರಸತ್ತೆ ಮನೆ ಹಿಂದಿಂದು. ಹೆಸರು ಬೇಡ, ಆಗ ಅದರ ಲೆಕ್ಕದ ಪುಸ್ತಕ ನನ್ನ ಹತ್ರ ಇತ್ತು. ಯುರೋಪಿನ ಒಂದು ಕ್ಲಬ್ಬಿನ ಜತೆ ಒಪ್ಪಂದ ಆಯ್ತು, 11 ಪುಟ. ಅದರಲ್ಲಿ ಎಂಟು ಪುಟ ಬರೀ ಲೋಗೊ ಬಗ್ಗೆ. ಜೆರ್ಸಿ ಮೇಲೆ ಎಷ್ಟು ಸೆಂಟಿಮೀಟರ್ ಇರ್ಬೇಕು, ಬ್ಯಾನರಲ್ಲಿ ಯಾವ ಬಣ್ಣ, ಇಂಥವೇ. ಕೋಚ್‌ಗಳು ಇಬ್ರು, ವರ್ಷಕ್ಕೆ ಎರಡು ಸಲ, ಸಲಕ್ಕೆ ಮೂರು ವಾರ. ವಿಮಾನದ ಟಿಕೆಟ್ಟು, ಹೋಟೆಲ್ಲು ಕ್ಲಬ್ಬಿನ ಖರ್ಚು. ಬಿಡೋದರ ಬಗ್ಗೆ ಒಂದೇ ಸಾಲು: ಯಾರು ಬೇಕಾದ್ರೂ 30 ದಿನದ ನೋಟಿಸ್ ಕೊಟ್ಟು ಬಿಡಬಹುದು. ಹುಡುಗರ ಫೀಸು ಏನಾಗುತ್ತೆ, ರಿಜಿಸ್ಟ್ರೇಷನ್ ಏನಾಗುತ್ತೆ, ಒಂದಕ್ಷರ ಇಲ್ಲ. ಅಪ್ಪ ಅಮ್ಮಂದಿರು ಸೈನ್ ಹಾಕಿದ ಫಾರಂ ಬೇರೆ. ಅದರಲ್ಲಿ ಕಟ್ಟಿದ ಫೀಸು ವಾಪಸ್ ಇಲ್ಲ, ಎನ್‌ಒಸಿ (ಬೇರೆ ಕ್ಲಬ್ಬಿಗೆ ಹೋಗೋಕೆ ಒಪ್ಪಿಗೆ ಪತ್ರ) ಕೊಡೋದು ಕಾರ್ಯದರ್ಶಿಯ ವಿವೇಚನೆ ಅಂತ ಸಣ್ಣಕ್ಷರದಲ್ಲಿತ್ತು.

ನವೆಂಬರಲ್ಲಿ ಅಲ್ಲಿಂದ ಮೇಲ್ ಬಂತು, ನಾವು ಬಿಡ್ತಾ ಇದೀವಿ ಅಂತ. 26 ಹುಡುಗರು. ಅವರ ಫೀಸು ಆಗ್ಲೇ ಟರ್ಫ್ ಬಾಡಿಗೆಗೆ, ಟಿಕೆಟ್ಟಿನ ಮುಂಗಡಕ್ಕೆ ಹೋಗಿತ್ತು. ಲೀಗಿನ ಮಧ್ಯದಲ್ಲೇ ತಂಡ ವಾಪಸ್ ತಗೊಂಡ್ರು. ಆದ್ರೆ ಹುಡುಗರ ಹೆಸರು ಫೆಡರೇಶನ್ನಿನ ಕಂಪ್ಯೂಟರಿನಲ್ಲಿ ಇನ್ನೂ ಆ ಕ್ಲಬ್ಬಿನಲ್ಲೇ. ಮೂರು ಜನಕ್ಕೆ ಬೇರೆ ಕ್ಲಬ್ಬಿಂದ ಕರೆ ಬಂದಿತ್ತು. ಬಾಕಿ ಫೀಸು ಕಟ್ಟಿದ್ರೆ ಎನ್‌ಒಸಿ ಅಂತ ಕಾರ್ಯದರ್ಶಿ ಕೂತ. ಕೊನೆಗೆ ಸೈನ್ ಹಾಕೋ ಹೊತ್ತಿಗೆ ರಿಜಿಸ್ಟ್ರೇಷನ್ ತಾರೀಕು ಮುಗಿದಿತ್ತು. ಅವರಲ್ಲಿ ಒಬ್ಬನಿಗೆ ಹದಿನೇಳು ತುಂಬಿತ್ತು, ಅಂಡರ್ 18 ಆಡೋ ಕೊನೇ ವರ್ಷ ಹಾಗೇ ಹೋಯ್ತು. ಮುಂದಿನ ವರ್ಷ ಅವನು ಗಡ್ಡ ಬಂದ ದೊಡ್ಡವರ ಜತೆ ಸ್ಪರ್ಧೆ ಮಾಡ್ಬೇಕು, ಯಾರು ನೋಡ್ತಾರೆ? ಅದಕ್ಕೇ ಹೇಳ್ತಿರೋದು ಸುಮಾ, ಬಿಟ್ಟು ಹೋಗೋ ಷರತ್ತು ಓದದೆ ಸೈನ್ ಹಾಕ್ಬೇಡ.

ನವೀನ, ನೀನು ವಿದೇಶಿ ಕ್ಲಬ್ಬು ಅಂದ್ರೆ ಎಲ್ಲಾ ಒಂದೇ ಅನ್ಕೊಂಡಿದೀಯ. ಪಾಲು ತಗೊಳ್ಳೋದು ಬೇರೆ, ಹೆಸರು ಕೊಡೋದು ಬೇರೆ ಕಣೋ. ಅಟ್ಲೆಟಿಕೊ ಮ್ಯಾಡ್ರಿಡ್ ಕೋಲ್ಕತ್ತಾ ತಂಡದಲ್ಲಿ ಪಾಲು ಇಟ್ಟಿತ್ತು. 2014ರಲ್ಲೂ 2016ರಲ್ಲೂ ಕಪ್ಪು ಗೆದ್ರು, 2017ರಲ್ಲಿ ಸಂಬಂಧ ಮುಗೀತು, ಹೆಸರಲ್ಲಿದ್ದ ಅಟ್ಲೆಟಿಕೊ ಹೋಗಿ ಎಟಿಕೆ ಉಳೀತು. ಹೈದರಾಬಾದ್ ತಂಡಕ್ಕೆ ಜರ್ಮನಿಯ ಡಾರ್ಟ್‌ಮಂಡ್ ಜತೆಗಿದ್ದದ್ದು ಬರೀ ಸಹಕಾರದ ಒಪ್ಪಂದ, ಪಾಲು ಅಲ್ಲ. 2021-22ರಲ್ಲಿ ಚಾಂಪಿಯನ್ ಆದ ತಂಡ ಅದು. ಎರಡೇ ಸೀಸನ್ ಕಳೆಯೋದರೊಳಗೆ ಆಟಗಾರರಿಗೆ ಸಂಬಳ ಇಲ್ಲ, ಒಬ್ಬೊಬ್ಬರಾಗಿ ಬಿಟ್ಟು ಹೋದ್ರು, 2025ರಲ್ಲಿ ತಂಡಾನೇ ದೆಹಲಿಗೆ ಹೋಯ್ತು. ಸಂಬಳ ಕೊಡೋದು ಡಾರ್ಟ್‌ಮಂಡಿನ ಕೆಲಸ ಆಗಿರ್ಲಿಲ್ಲ. ಬರೀ ಹೆಸರು ಕೊಟ್ಟವನ ಜೇಬಿಗೆ ಕೈ ಹಾಕೋಕಾಗಲ್ಲ.

ಕಿರಣಾ, ನಿನಗೂ ಇದೇ ಉತ್ತರ. ದೇಶದ ತಂಡದ ಕೋಚ್ ಆಗಿದ್ದ ಕ್ರೊಯೇಷಿಯಾದ ಸ್ಟಿಮಾಚ್‌ಗೆ 2023ರ ಅಕ್ಟೋಬರಲ್ಲಿ 2026ರವರೆಗೆ ಕಾಂಟ್ರಾಕ್ಟ್ ಮುಂದುವರಿಸಿದ್ರು. ಎಂಟು ತಿಂಗಳಿಗೆ, 2024ರ ಜೂನಲ್ಲಿ ತೆಗೆದ್ರು. ಮಧ್ಯದಲ್ಲಿ ತೆಗೆದ್ರೆ ಏನು ಅನ್ನೋ ಷರತ್ತು ಫೆಡರೇಶನ್ನನ್ನ ಕಾಪಾಡೋ ಹಾಗೆ ಬರೆದಿರ್ಲಿಲ್ಲ, 4 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಮೂರು ಕೋಟಿಗೂ ಹೆಚ್ಚಾಯ್ತು! ಅಷ್ಟರಲ್ಲಿ ಎಷ್ಟು ಜಿಲ್ಲೆಗೆ ಅಂಡರ್ 13 ಲೀಗ್ ನಡೆಸಬಹುದಿತ್ತು ಲೆಕ್ಕ ಹಾಕು. ಆಮೇಲೆ ಸ್ಪೇನಿನ ಮನೋಲೊ ಮಾರ್ಕೆಸ್ ಬಂದ್ರು. ಒಂದು ವರ್ಷ ಎಫ್‌ಸಿ ಗೋವಾ ಕೋಚೂ ಅವರೇ, ದೇಶದ ಕೋಚೂ ಅವರೇ. ಎಂಟು ಪಂದ್ಯದಲ್ಲಿ ಗೆದ್ದದ್ದು ಒಂದು, ಅದೂ ಮಾಲ್ಡೀವ್ಸ್ ಮೇಲೆ. 2025ರ ಆಗಸ್ಟಿನಲ್ಲಿ ನಮ್ಮವರೇ ಖಾಲಿದ್ ಜಮೀಲ್ ಬಂದ್ರು. ಶುರುವಿನಲ್ಲೇ ಒಮಾನನ್ನ ಪೆನಾಲ್ಟಿಯಲ್ಲಿ ಸೋಲಿಸಿ ಮಧ್ಯ ಏಷ್ಯಾದ ಕಾಫಾ ಕಪ್ಪಿನಲ್ಲಿ ಮೂರನೇ ಸ್ಥಾನ ತಂದ್ರು, ಅದೇ ವರ್ಷ ಅಕ್ಟೋಬರಲ್ಲಿ ಸಿಂಗಪುರದ ಎದುರು ಗೋವಾದ ಮಡಗಾಂವಲ್ಲಿ 1-2 ಸೋತು ಏಷ್ಯನ್ ಕಪ್ಪಿಂದ ಹೊರಗೆ, ನವೆಂಬರಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1.

ಕೋಚು ಎರಡು ಸಲ ಬದಲಾದ್ರು, ಗೋಲ್ ಹೊಡೆಯೋ ಹುಡುಗ ಬರ್ಲಿಲ್ಲ. 2024ರ ಜೂನಲ್ಲಿ ವಿದಾಯ ಹೇಳಿದ್ದ ಸುನಿಲ್ ಚೆಟ್ರಿಯನ್ನ ನಲವತ್ತನೇ ವಯಸ್ಸಲ್ಲಿ ವಾಪಸ್ ಕರೀಬೇಕಾಯ್ತು. ಕರೆದದ್ದು ತಪ್ಪಲ್ಲ, ಆ ಸೀಸನ್ ಲೀಗಲ್ಲಿ 14 ಗೋಲ್ ಹೊಡೆದಿದ್ದ, ಭಾರತೀಯರಲ್ಲಿ ಅವನಷ್ಟು ಹೊಡೆದೋರು ಯಾರೂ ಇರ್ಲಿಲ್ಲ. ಕಾರಣ ಹುಡುಕಬೇಕಾದ್ದು ಕ್ಲಬ್ಬಿನಲ್ಲಿ. 2014ರಲ್ಲಿ ಲೀಗ್ ಶುರುವಾದಾಗ ಮೈದಾನದಲ್ಲಿ ಆರು ಜನ ವಿದೇಶದವರು ಇರಬಹುದಿತ್ತು, 2017ರಿಂದ ಐದು, 2021ರಿಂದ ನಾಲ್ಕು. ಸಂಖ್ಯೆ ಇಳೀತು ನಿಜ. ಆದ್ರೆ ಆ ನಾಲ್ವರಲ್ಲಿ ಹೆಚ್ಚಿನವರು ಎಲ್ಲಿ ಆಡ್ತಾರೆ ನೋಡು: ಒಬ್ಬ ಸೆಂಟರ್ ಫಾರ್ವರ್ಡ್, ಒಬ್ಬ ಗೋಲಿಗೆ ಪಾಸ್ ಕೊಡೋ ಹತ್ತನೇ ನಂಬರು, ಒಬ್ಬ ಡಿಫೆನ್ಸಿನ ನಡುವೆ. ನಮ್ಮ ಹುಡುಗರಿಗೆ ವಿಂಗು, ಫುಲ್‌ಬ್ಯಾಕು. ವಾರ ವಾರ ವಿಂಗಲ್ಲಿ ಓಡೋನು ದೇಶದ ತಂಡಕ್ಕೆ ಬಂದ ತಕ್ಷಣ ಗೋಲಿನ ಮುಂದೆ ನಿಂತ್ಕೋ ಅಂದ್ರೆ ಹೇಗೆ? ಇನ್ನು ಕ್ಯಾಂಪು. ದೇಶದ ಪಂದ್ಯಗಳಿಗೆ ಅಂತ ಗೊತ್ತು ಮಾಡಿರೋ ದಿನಗಳು, ಅಂದ್ರೆ ಫಿಫಾ ವಿಂಡೋ, ಅದರೊಳಗಾದ್ರೆ ಮಾತ್ರ ಕ್ಲಬ್ಬು ಆಟಗಾರನ್ನ ಬಿಡಲೇಬೇಕು. ಕಾಫಾ ಕಪ್ಪು ವಿಂಡೋ ಒಳಗಿಲ್ಲ ಅಂತ ಹೇಳಿ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ಬು ತನ್ನ ಹುಡುಗರನ್ನ ಬಿಡ್ಲಿಲ್ಲ. ಕೋಚ್ ಸ್ಪೇನಿನವನಾದ್ರೂ ಅಷ್ಟೆ, ಮುಂಬೈಯವನಾದ್ರೂ ಅಷ್ಟೆ, ಕೈಗೆ ಸಿಗೋ ದಿನ ಎಣಿಸಿದಷ್ಟು.

ಮತ್ತೆ ನಿಮಗೆಲ್ಲ ಫುಟ್‌ಬಾಲ್ ಬಗ್ಗೆ ಇಷ್ಟು ಕಾಳಜಿ ಯಾವಾಗಿಂದ ಅಂತೀನಿ? 2023ರ ಮಾರ್ಚ್ 4ನೇ ತಾರೀಕು. ರಿಯಾದಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್, ಕರ್ನಾಟಕ ಮೇಘಾಲಯದ ಮೇಲೆ 3-2. ಮೈಸೂರು ರಾಜ್ಯ ಅಂತಿದ್ದಾಗ 1968-69ರಲ್ಲಿ ಗೆದ್ದಿದ್ದು ಬಿಟ್ರೆ 54 ವರ್ಷ ಆಗಿತ್ತು! ಈ ಗ್ರೂಪಲ್ಲೇ ನಾನು ಸ್ಕೋರು ಹಾಕಿದ್ದೆ. ಅದರ ಕೆಳಗೆ ಏನು ಬಂತು ಗೊತ್ತಾ? ಮಾಲತಿಯ ಹುಣಸೇಹುಳಿ ತೊಕ್ಕಿನ ಫೋಟೋ. ಅದಕ್ಕೆ ಹನ್ನೆರಡು ಹಾರ್ಟು. ನವೀನ ರಾತ್ರಿ ಒಂದೂವರೆಗೆ ಎದ್ದು ಚಾಂಪಿಯನ್ಸ್ ಲೀಗ್ ನೋಡ್ತಾನೆ, ಮನೆಯಿಂದ ಅರ್ಧ ಗಂಟೆ ದೂರದ ಅಶೋಕನಗರ ಸ್ಟೇಡಿಯಮ್ಮಿಗೆ ಒಂದು ಸಲಾನಾದ್ರೂ ಬಂದಿದಾನಾ ಕೇಳಿ. ಗೌತಮಪುರದಲ್ಲಿ, ಆಸ್ಟಿನ್ ಟೌನಲ್ಲಿ ಬೀದಿ ಬೀದೀಲಿ ಆಟಗಾರರಿದ್ರು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಎದುರು ನಮ್ಮ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಎಷ್ಟು ಜನಕ್ಕೆ ಗೊತ್ತು? ಫ್ಯಾಕ್ಟರಿಗಳು ಆಟಗಾರರಿಗೆ ಕೆಲಸ ಕೊಡೋದು ನಿಲ್ಲಿಸಿದ ಮೇಲೆ ಆ ಬೀದಿಗಳ ಹುಡುಗರು ಆಟ ಬಿಟ್ಟು ಡೆಲಿವರಿಗೆ ಹೋದ್ರು. ಅದರ ಬಗ್ಗೆ ನಲವತ್ತು ಮೆಸೇಜು ಯಾರೂ ಹಾಕಲ್ಲ. ಹೋಗ್ಲಿ ಬಿಡಿ, ಹೇಳಿ ಏನು ಪ್ರಯೋಜನ.

ಅಯ್ಯೋ, ಶನಿವಾರ ಕಟ್ಬೇಕು ಅಂದಿದ್ಯಲ್ಲ! ಅದನ್ನೇ ಮರೆತೆ. ಕಟ್ಬೇಡ ಸುಮಾ. ಗಡುವು ಕೊಟ್ಟು ಅವಸರ ಮಾಡೋರಿಗೆ ಒಂದು ವಾರ ಕಾಯಿಸು. ಬ್ರೋಷರ್ ಬೇಡ, ಸೈನ್ ಹಾಕೋ ಕಾಗದವೇ ಬೇಕು ಅಂತ ಕೇಳಿ ತಗೋ. ಪ್ರಣವನ ಹೆಸರು ಫೆಡರೇಶನ್ನಿನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಯಾವ ಕ್ಲಬ್ಬಿನ ಕೆಳಗೆ ರಿಜಿಸ್ಟರ್ ಆಗುತ್ತೆ, ಆ ಕ್ಲಬ್ಬಿನ ಹೆಸರು ಕೇಳು. ಸ್ಪೇನ್ ಕ್ಲಬ್ಬು ಅಂದ್ರೆ ಸುಳ್ಳು, ಇಲ್ಲಿನದ್ದೇ ಆಗಿರ್ಬೇಕು. ಆ ಹೆಸರು ಅಶೋಕನಗರದ ರಾಜ್ಯ ಸಂಸ್ಥೆಯ ಆಫೀಸಲ್ಲಿ ವಿಚಾರಿಸು, ಅಕಾಡೆಮಿ ಫೆಡರೇಶನ್ನಿನ ಮಾನ್ಯತೆ ಪಟ್ಟೀಲಿ ಇದೆಯಾ ಅದನ್ನೂ ನೋಡು. ರಿಜಿಸ್ಟರ್ ಮಾಡ್ಸಲ್ಲ, ಬರೀ ತರಬೇತಿ ಅಂದ್ರೆ ಅವರು ಬದುಕೋದು ನಿನ್ನ ಫೀಸಿನ ಮೇಲೆ ಅಂತ ತಿಳ್ಕೋ. ಹುಡುಗನನ್ನ ನಿಜವಾಗಿ ಬೆಳೆಸೋ ಕ್ಲಬ್ಬಿಗೆ ಮುಂದೆ ಅವನು ವೃತ್ತಿಪರ ಆದಾಗ ತರಬೇತಿ ಪರಿಹಾರ ಬರುತ್ತೆ, ಫಿಫಾ ನಿಯಮದಲ್ಲಿ 12ರಿಂದ 21 ವರ್ಷದವರೆಗಿನ ಲೆಕ್ಕ ಅದು. ಅದಕ್ಕೆ ಅವರು ಎಲ್ಲಕ್ಕಿಂತ ಮೊದಲು ಮಾಡೋ ಕೆಲಸಾನೇ ರಿಜಿಸ್ಟ್ರೇಷನ್.

ಹದಿನಾರಕ್ಕೇ ಸ್ಪೇನಿಗೆ ಕಳಿಸ್ತೀವಿ ಅಂದ್ರೆ ಎದ್ದು ಬಾ. 18 ತುಂಬದೆ ದೇಶ ದಾಟಿ ಕ್ಲಬ್ ಬದಲಾಯಿಸೋದನ್ನ ಫಿಫಾ ನಿಷೇಧಿಸಿದೆ, ಅಪ್ಪ ಅಮ್ಮ ಬೇರೆ ಕಾರಣಕ್ಕೆ ಅಲ್ಲಿಗೆ ಮನೆ ಬದಲಿಸಿದ್ರೆ, ಹೀಗೆ ಕೆಲವು ವಿನಾಯಿತಿ ಅಷ್ಟೆ. ಬಾರ್ಸಿಲೋನಾಗೇ 2014ರಲ್ಲಿ ಇದೇ ತಪ್ಪಿಗೆ ಶಿಕ್ಷೆ ಆಗಿ ಎರಡು ಟ್ರಾನ್ಸ್‌ಫರ್ ವಿಂಡೋ ಹೊಸ ಆಟಗಾರರನ್ನ ತಗೊಳ್ಳೋ ಹಾಗಿರ್ಲಿಲ್ಲ. ಎರಡು ವಾರದ ಪ್ರವಾಸ ಅಂದ್ರೆ ಅದು ಪ್ರವಾಸ, ಟ್ರಯಲ್ ಅಲ್ಲ. 18ರೊಳಗೆ ವೃತ್ತಿಪರ ಕಾಂಟ್ರಾಕ್ಟ್ ಮೂರು ವರ್ಷಕ್ಕಿಂತ ಹೆಚ್ಚಿಗೆ ಮಾಡೋ ಹಾಗಿಲ್ಲ, ಅದೂ ತಲೇಲಿರ್ಲಿ. ಫೀಸಿನ ಫಾರಮ್ಮಿನ ಜತೆ ಏಜೆಂಟಿನ ಕಾಗದ ಏನಾದ್ರೂ ಸೇರಿಸಿ ಪಿನ್ ಹಾಕಿದಾರಾ, ಪುಟ ತಿರುವಿ ನೋಡು.

ಆಮೇಲೆ ಎರಡು ಸಾಲು ಬರೆಸ್ಕೋ. ವಿದೇಶಿ ಕ್ಲಬ್ಬು ಒಪ್ಪಂದ ಬಿಟ್ರೆ ಉಳಿದ ತಿಂಗಳ ಫೀಸು 30 ದಿನದಲ್ಲಿ ವಾಪಸ್. ಹುಡುಗ ಬಿಡ್ತೀನಿ ಅಂದ್ರೆ ಏಳು ದಿನದಲ್ಲಿ ಎನ್‌ಒಸಿ, ಅದಕ್ಕೆ ದುಡ್ಡು ಕೇಳೋ ಹಾಗಿಲ್ಲ. ಒಪ್ಪಿದ್ರೆ ಮೂರು ತಿಂಗಳಿಗೊಂದು ಕಂತು, 60 ಸಾವಿರ ಕಟ್ಟು, ಒಟ್ಟಿಗೆ ಬೇಡ. ಒಪ್ಪದೆ ಹೋದ್ರೆ ಬೇರೆ ಅಕಾಡೆಮಿ ನೋಡೋಣ. ಮತ್ತೆ ಹೇಳ್ತೀನಿ, ಬಿಟ್ಟು ಹೋಗೋ ಷರತ್ತು ಓದದೆ ಸೈನ್ ಹಾಕ್ಬೇಡ. ಕಾಗದದ ಫೋಟೋ ನನಗೆ ಪ್ರತ್ಯೇಕ ಕಳಿಸು, ಈ ಗ್ರೂಪಿಗೆ ಹಾಕ್ಬೇಡ, ತೊಕ್ಕಿನ ಕೆಳಗೆ ಹೋಗ್ಬಿಡುತ್ತೆ. ಸಣ್ಣಕ್ಷರ ಇರೋ ಕೊನೇ ಪುಟಾನೂ ಸೇರಿಸಿ ತೆಗಿ.