ಅಟ್ಟದ ಬಾಟಲಿಗಳ ಬಗ್ಗೆ ಪುಟ್ಟಿಗೆ

ಪುಟ್ಟಿ, ತಿಪಟೂರಿನ ಅಟ್ಟದಿಂದ ಇಳಿಸಿದ ಮೂರು ಬಾಟಲಿಯ ಫೋಟೋ ನೋಡಿದೆ. ಟೈಪ್ ಮಾಡೋಕೆ ಹೋದರೆ ಮುಗಿಯಲ್ಲ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಗೋಲಿ ಸೋಡಾ ಬಾಟಲಿ ಕೆಳಗೆ "ಮಾಮ, ಇದು 1872ರದ್ದು" ಅಂತ ಹಾಕಿದ್ದೀಯ, ಭಾವ ಆಗಲೇ ಎಷ್ಟಕ್ಕೆ ಹೋಗುತ್ತದೆ ಅಂತ ಕೇಳುತ್ತಿದ್ದಾರೆ. ಭಾವ, ಸ್ವಲ್ಪ ತಡೀರಿ.

1872 ಅನ್ನೋದು ಹೈರಮ್ ಕಾಡ್ ಅನ್ನುವ ಇಂಗ್ಲೆಂಡಿನವನು ಈ ತರದ ಬಾಟಲಿಗೆ ಪೇಟೆಂಟ್ ತಗೊಂಡ ವರ್ಷ. ನಿನ್ನ ಕೈಲಿರುವ ಬಾಟಲಿಯ ವಯಸ್ಸಲ್ಲ. ಅಲ್ಲಿ ಇದನ್ನು ಬಿಟ್ಟು ಎಷ್ಟೋ ಕಾಲ ಆಯಿತು, ನಮ್ಮ ಉತ್ತರ ಪ್ರದೇಶದ ಕಡೆ ತೀರಾ ಇತ್ತೀಚಿನವರೆಗೂ ಮಾಡುತ್ತಿದ್ದರು. ಹಾಗಾಗಿ ಗೋಲಿ ಇದೆ ಅಂದ ಮಾತ್ರಕ್ಕೆ ಹಳೇದು ಅನ್ನೋಕಾಗಲ್ಲ. ಗಾಜಿನ ಮೇಲೆ ಉಬ್ಬು ಅಕ್ಷರ ಇದೆಯಾ ನೋಡು. ಬಾರ್ನ್ಸ್‌ಲಿ ಅಂತ ಊರ ಹೆಸರು ಇದ್ದರೆ ನನಗೆ ಆಗಲೇ ಫೋನ್ ಮಾಡು, ಅದು ಇಂಗ್ಲೆಂಡಿನ ಮಾಲು. ಏನೂ ಇಲ್ಲದಿದ್ದರೆ ನಾನಂತೂ ಹೊಸದು ಅಂತಲೇ ಹಿಡಿಯುತ್ತೇನೆ. ತಳ ನೋಡೋದು ಮರೀಬೇಡ. ಮರದ ಕ್ರೇಟಿನಲ್ಲಿ ನೂರಾರು ಸಲ ಓಡಾಡಿದ ಬಾಟಲಿಗೆ ತಳದ ಸುತ್ತ ಬೆಳ್ಳಗೆ ತೇಯ್ದ ಗುರುತು ಇರುತ್ತದೆ.

ಇನ್ನು ಎಲ್ಲಾ ಬಾಟಲಿಗೂ ಮಾಡಬೇಕಾದ ಒಂದು ಕೆಲಸ ಇದೆ. ಪಕ್ಕದಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆ ಇರುತ್ತದೆ ಅಲ್ವಾ, ಅದನ್ನು ಉಗುರಿನಲ್ಲಿ ತಳದಿಂದ ಮೇಲಕ್ಕೆ ಹಿಂಬಾಲಿಸು. ಗೆರೆ ಬಾಯಿಯ ಅಂಚು ಹತ್ತಿ ದಾಟಿದರೆ ಮೆಷಿನ್ ಬಾಟಲಿ. ಕತ್ತಿನಲ್ಲೇ ಮಾಯವಾದರೆ ಬಾಯಿಯನ್ನು ಆಮೇಲೆ ಕೈಯಲ್ಲಿ ತಿದ್ದಿದ್ದಾರೆ ಅಂತ ಅರ್ಥ. ಅಮೆರಿಕದಲ್ಲಿ ಓವೆನ್ಸ್ ಅನ್ನುವವನ ಮೆಷಿನ್ 1903ರ ಹೊತ್ತಿಗೆ ಬಂತು, ಆಮೇಲಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಕೈಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮಲ್ಲಿ ಹಾಗಾಗಲಿಲ್ಲ, ಕೈಕೆಲಸ ಇನ್ನೂ ಬಹಳ ವರ್ಷ ನಡೆಯಿತು. ಅದಕ್ಕೇ ಅಮೆರಿಕದವರು ವೀಡಿಯೋದಲ್ಲಿ ಹೇಳುವ ಇಸವಿಯನ್ನು ಇಲ್ಲಿನ ಬಾಟಲಿಗೆ ಹಾಗೇ ಅಂಟಿಸಬೇಡ.

ಈಗ ನೀನು ಮೂಲೆಗೆ ತಳ್ಳಿದ ಆ ಕಂದು ಬಾಟಲಿ. ನಿಜ ಹೇಳಲಾ, ಮೂರರಲ್ಲಿ ನನಗೆ ಬೇಕಾಗಿರೋದು ಅದೊಂದೇ! ಫೋಟೋ ದೊಡ್ಡದು ಮಾಡಿ ನೋಡಿದೆ. ಹರಿದ ಚೀಟಿಯ ಮೇಲೆ ಏನೋ ಟಾನಿಕ್ ಅಂತ ಇದೆ, ಕೆಳಗೆ ಬೆಂಗಳೂರು-2, ಬೆಲೆ 75 ಎನ್.ಪಿ. ಎನ್.ಪಿ. ಅಂದರೆ ನಯಾ ಪೈಸೆ. 1957ರ ಏಪ್ರಿಲ್‌ನಲ್ಲಿ ಆಣೆ ಲೆಕ್ಕ ಹೋಗಿ ನಯಾ ಪೈಸೆ ಬಂತು, 1964ರ ಜೂನ್‌ನಲ್ಲಿ "ನಯಾ" ಬಿಟ್ಟು ಬರೀ ಪೈಸೆ ಆಯಿತು. ಏಳು ವರ್ಷ ಚಿಲ್ಲರೆಯೊಳಗೆ ಬಂದು ನಿಂತೆವು ನೋಡು! ಬೆಂಗಳೂರು-2 ಅನ್ನೋ ಹಳೇ ಅಂಚೆ ನಂಬರೂ ಇದಕ್ಕೆ ಹೊಂದುತ್ತದೆ, ಆರಂಕಿಯ ಪಿನ್ ಕೋಡ್ ಬಂದಿದ್ದು 1972ರಲ್ಲಿ.

ಇಷ್ಟೇ ಅಲ್ಲ, ಹಿಂದುಗಡೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿದೆ, ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿದೆ. ಅಕ್ಕ, ನಿನಗೆ ನೆನಪಿರಬೇಕು, ಆಗ ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಖಾಲಿ ಬಾಟಲಿ ಒಯ್ಯಬೇಕಿತ್ತು. ಕಾಂಪೌಂಡರ್ ಮಿಕ್ಸ್ಚರ್ ತುಂಬಿ, ಒಂದೊಂದು ಹೊತ್ತಿಗೆ ಒಂದೊಂದು ಹಲ್ಲು ಅಂತ ಈ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಅಂದರೆ ಟಾನಿಕ್ ಮುಗಿದ ಮೇಲೆ ಇದೇ ಬಾಟಲಿ ಆಸ್ಪತ್ರೆಗೆ ಹೋಗಿ ಬಂದಿದೆ. ಹಲ್ಲು ಎಷ್ಟಿವೆ ಎಣಿಸಿ ಹೇಳು ಪುಟ್ಟಿ.

ದಯವಿಟ್ಟು ಅದನ್ನು ನೀರಲ್ಲಿ ನೆನೆಹಾಕಬೇಡ. ನಾನು ಮೊದಮೊದಲು ಇಂಥದ್ದೇ ಒಂದನ್ನು ಸೋಪಿನ ನೀರಿನ ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಬಾಟಲಿ ಫಳಫಳ ಹೊಳೀತಿತ್ತು, ಚೀಟಿ ಬಕೆಟ್ ತಳದಲ್ಲಿ ಗಂಜಿಯಾಗಿತ್ತು. ಇದಕ್ಕೆ ಒಣ ಬಟ್ಟೆ ಸಾಕು. ಗೋಲಿ ಬಾಟಲಿಯನ್ನು ಬೇಕಾದರೆ ತೊಳಿ, ಒಂದು ಹಿಡಿ ಅಕ್ಕಿ, ಸ್ವಲ್ಪ ತಣ್ಣೀರು ಹಾಕಿ ಅಲ್ಲಾಡಿಸು. ಮರಳು ಬೇಡ, ಗೀರು ಬೀಳುತ್ತದೆ. ಬಿಸಿನೀರಂತೂ ಬೇಡವೇ ಬೇಡ.

ನೀಲಿದರ ಬಗ್ಗೆ ಹೇಳೋದೇ ಮರೆತೆ. ಆರು ಮೂಲೆ, ಮೈಮೇಲೆಲ್ಲಾ ಉಬ್ಬು ಗೆರೆ, ಇಂಗ್ಲಿಷಿನಲ್ಲಿ "ನಾಟ್ ಟು ಬಿ ಟೇಕನ್" ಅಂತ ಇದೆ ಅಲ್ವಾ? ವಿಷದ ಬಾಟಲಿ ಅದು. ದೀಪ ಇಲ್ಲದ ರಾತ್ರಿಯಲ್ಲಿ ಕೈಗೆ ಸಿಕ್ಕರೂ ಇದು ಕುಡಿಯುವ ಔಷಧಿ ಅಲ್ಲ ಅಂತ ಬೆರಳಿಗೇ ಗೊತ್ತಾಗಲಿ ಅಂತ ಆ ಗೆರೆ. ಮನಿ ಪ್ಲಾಂಟ್ ಇಡುತ್ತೇನೆ ಅಂದಿದ್ದೆಯಲ್ಲ, ಬೇಡ. ಬಿರಡೆ ತೆಗೆದು ಮೂಸಿ ನೋಡೋದೂ ಬೇಡ, ಹಾಗೇ ಮೇಲಿಡು, ನಾನು ಭಾನುವಾರ ಬರುತ್ತೇನೆ.

ಅಷ್ಟರೊಳಗೆ ಯಾರಾದರೂ ಅಜ್ಜಿಯನ್ನು ಕೇಳಿ, ಆ ಮಿಕ್ಸ್ಚರ್ ಯಾರಿಗೆ ತಂದಿದ್ದು ಅಂತ. ನನಗೇ ಇರಬೇಕು, ಚಿಕ್ಕವನಿದ್ದಾಗ ಸದಾ ಕೆಮ್ಮುತ್ತಿದ್ದೆನಂತೆ.